ಬೆಂಕಿ, ಎಣ್ಣೆ, ಗಾಳಿ

ನಮ್ಮ ದೊಡ್ಡಪ್ಪನ ಮಿಲಿಟರಿ ಜೀಪು ಎಂಜಿನ್ ತಡವರಿಸಿ ಮಿಸ್ ಹೊಡೆಯುವ ಸದ್ದನ್ನು ನಾನು ಬಾಯಿಂದ ಮಾಡಿ ತೋರಿಸಬಲ್ಲೆ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಒಂದು ಗುದ್ದು ಹೊಡೆಯಬೇಕು, ಮುಂದಿನದನ್ನು ನುಂಗಬೇಕು. ಮತ್ತೊಂದು ಗುದ್ದು, ಮತ್ತೊಂದು ನುಂಗು. ನಡುನಡುವೆ ಬೀಡಿ ಸೇದಿ ಸೇದಿ ಎದೆ ಕೆಡಿಸಿಕೊಂಡವನ ಹಾಗೆ ಒಂದು ಕೆಮ್ಮು. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಗುಮಾಸ್ತ. ಆದರೆ ಊರಿನಲ್ಲಿ ನನ್ನನ್ನು ಯಾರೂ ಗುಮಾಸ್ತ ಎನ್ನುವುದಿಲ್ಲ, ನಕಲಿ ಮಾಡುವವನು ಎನ್ನುತ್ತಾರೆ. ನಮ್ಮ ಸಾವಕಾರರು ಮೆಣಸಿನಕಾಯಿ ಮೂಸಿ ನೋಡಿ ಸೀನುವ ಬಗೆ, ಹಾವೇರಿ ಸ್ಟೇಷನ್ನಿನ ಮೈಕಿನಲ್ಲಿ ಗಾಡಿ ತಡ ಎಂದು ಹೇಳುವ ಹೆಣ್ಣುಮಗಳ ಧ್ವನಿ, ಕನ್ಯೆ ನೋಡಲು ಹೋದಾಗ ಅವಲಕ್ಕಿ ತಟ್ಟೆ ಹಿಡಿದು ನಡುಗುವ ನಾನು, ಎಲ್ಲವನ್ನೂ ಮಾಡುತ್ತೇನೆ. ಕೊನೆಯದಕ್ಕೆ ಮಂದಿ ಹೆಚ್ಚು ನಗುತ್ತಾರೆ. ಅಲ್ಲಿ ಸರಕು ಅಸಲಿ ಇರುವುದೇ ಕಾರಣ ಇರಬೇಕು.

ಜೀಪಿನ ಸದ್ದನ್ನು ಮಾತ್ರ ಈಗ ಯಾರು ಕೇಳಿದರೂ ಮಾಡುವುದಿಲ್ಲ.

ದೊಡ್ಡಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದವರು. ನಿವೃತ್ತರಾಗಿ ಊರಿಗೆ ಬಂದು ಮನೆಯ ಮುಂದಿನ ಕೋಣೆಯಲ್ಲಿ ಖಾರ ಕುಟ್ಟುವ ಮಷಿನ್ ಹಾಕಿದರು. ಮಷಿನ್ ಜೊತೆಗೇ ಸೈನ್ಯದ ಹರಾಜಿನಲ್ಲಿ ಈ ಜೀಪನ್ನೂ ಹಿಡಿದು ತಂದರು. ಜೀಪು ನನಗಿಂತ ಹಿರಿಯದು, ನನ್ನಪ್ಪನ ಮದುವೆಗಿಂತಲೂ ಹಿರಿಯದು. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಲಗಿಸಬಹುದು. ಬಾಗಿಲುಗಳು ಎಂಬುದು ಅದಕ್ಕೆ ಗೊತ್ತೇ ಇಲ್ಲ. ಹಸಿರು ಬಣ್ಣವನ್ನು ದೊಡ್ಡಪ್ಪ ತಾವೇ ಬಳಿಯುತ್ತಿದ್ದರು, ಪ್ರತಿ ಸಲ ಒಂದು ಬೇರೆ ಹಸಿರು. ಇನ್ನು ಖಾರದ ಮಷಿನ್ ಎಂದರೆ ಕಬ್ಬಿಣದ ಒನಕೆಗಳು ಸಾಲಾಗಿ ನಿಂತು ದಿನವಿಡೀ ನೆಲ ಅದುರುವಂತೆ ಕುಟ್ಟುವ ಯಂತ್ರ. ತೋಪುಗಳ ಪಕ್ಕದಲ್ಲಿ ನೌಕರಿ ಮಾಡಿಯೂ ಉಳಿದು ಬಂದಿದ್ದ ಅವರ ಕಿವಿಗಳನ್ನು ನಮ್ಮೂರ ಮೆಣಸಿನಕಾಯಿ ತಿಂದುಹಾಕಿತು. ಮನೆಯಲ್ಲಿ ನಾವೆಲ್ಲ ಅದಕ್ಕೆ 'ಸ್ವಲ್ಪ ಮಂದ' ಎನ್ನುತ್ತಿದ್ದೆವು. ಸ್ವಲ್ಪ ಎಂಬ ಮಾತು ಎಷ್ಟು ದೊಡ್ಡ ಚೀಲ ಎಂದು ಆಗ ಗೊತ್ತಿರಲಿಲ್ಲ.

ಕಿವಿ ಮಂದವಾದಂತೆ ದೊಡ್ಡಪ್ಪ ಒಂದೊಂದೇ ಜಾಗ ಬಿಟ್ಟರು. ಮೊದಲು ಕಟ್ಟೆ. ಅಲ್ಲಿ ಹರಟೆಯ ನಡುವೆ ತಡವಾಗಿ ನಕ್ಕು ಸಿಕ್ಕಿಬೀಳುತ್ತಿದ್ದರು. ಆಮೇಲೆ ಮದುವೆ ಮುಂಜಿ. ಆಮೇಲೆ ಕ್ಷೌರದ ಅಂಗಡಿ, ಯಾಕೆಂದರೆ ಕತ್ತು ಬಗ್ಗಿಸಿ ಕುಳಿತಾಗ ಕ್ಷೌರದವನು ಏನೋ ಕೇಳುತ್ತಾನೆ, ಇವರು ಇನ್ನೇನೋ ಹೇಳುತ್ತಾರೆ. ಕೊನೆಗೆ ಉಳಿದದ್ದು ಜೀಪೊಂದೇ. ಜೀಪಿನಲ್ಲಿ ಕುಳಿತವರ ಜೊತೆ ಯಾರೂ ಮಾತಾಡಬೇಕಾಗಿಲ್ಲ. ಬ್ಯಾಡಗಿ, ಕಾಗಿನೆಲೆ, ಕದರಮಂಡಲಗಿ ರಸ್ತೆಯ ಉದ್ದಕ್ಕೂ ಮಂದಿಗೆ ಆ ಹಸಿರು ಗಾಡಿ ಗೊತ್ತು. ಕಂಡವರು ಕೈ ಎತ್ತಿ ಸೆಲ್ಯೂಟ್ ಹೊಡೆಯುತ್ತಿದ್ದರು, ಅರ್ಧ ಮರ್ಯಾದೆಗೆ, ಅರ್ಧ ಚೇಷ್ಟೆಗೆ. ದೊಡ್ಡಪ್ಪ ಮಾತ್ರ ಪೂರ್ತಿ ಮರ್ಯಾದೆಯಿಂದ ತಿರುಗಿ ಹೊಡೆಯುತ್ತಿದ್ದರು. ಕೈ ಹಣೆಗೆ ಹೋಗಿ ಒಂದು ಕ್ಷಣ ನಿಂತು, ಮೆಣಸಿನಕಾಯಿಯ ತೊಟ್ಟು ಮುರಿದ ಹಾಗೆ ಚಟ್ಟನೆ ಇಳಿಯುತ್ತಿತ್ತು. ಊರಿನ ಜೊತೆ ಅವರಿಗೆ ಉಳಿದಿದ್ದ ಮಾತುಕತೆ ಅಷ್ಟೇ.

ಈ ವರ್ಷ ಜೀಪಿನ ಕಾಗದದ ಅವಧಿ ಮುಗಿಯಲು ಬಂತು. ಹಾವೇರಿಯ ಆರ್‌ಟಿಓ ಕಚೇರಿಗೆ ಒಯ್ದು ಇನ್ಸ್‌ಪೆಕ್ಟರ ಮುಂದೆ ಓಡಿಸಿ ತೋರಿಸಬೇಕು. ಪಾಸಾದರೆ ಇನ್ನೈದು ವರ್ಷ ರಸ್ತೆಯ ಮೇಲೆ, ಇಲ್ಲವಾದರೆ ಗುಜರಿಗೆ. ಸರಿಯಾಗಿ ಅದೇ ಹೊತ್ತಿಗೆ ಗಾಡಿ ಮಿಸ್ ಹೊಡೆಯತೊಡಗಿತು.

ಒಂದು ಸಂಜೆ ಅಂಗಡಿ ಮುಗಿಸಿ ಮನೆಗೆ ಬರುವಾಗ ದೊಡ್ಡವ್ವ ನನ್ನನ್ನು ಹಿತ್ತಲಿನ ಬಾಗಿಲಲ್ಲಿ ತಡೆದಳು. ಗಂಡನ ಬಗ್ಗೆ ಅವಳು ಯಾವತ್ತೂ ದೂರು ಹೇಳಿದವಳಲ್ಲ. "ಆ ಗಾಡಿ ನಿಂತ್ರ ಇವ್ರೂ ನಿಂತಂಗ ತಮ್ಮಾ," ಎಂದಳು. "ಮನ್ಯಾಗ ಕುಂತ್ರ ನಾ ಏನರ ಅಂದ್ರ ಹೂಂ ಅಂತಾರ. ಏನಂದಿ ಅಂತ ಕೇಳೂದ ಬಿಟ್ಟಾರ. ನೀ ಹೆಂಗರ ಮಾಡಿ ಅದನ್ನ ಓಡಸು."

ನಾನು ನಗೆಯಾಡಿದೆ. ನನ್ನ ಸೈಕಲ್ಲಿನ ಚೈನು ಬಿದ್ದರೆ ನಾನು ಅದನ್ನು ತಳ್ಳಿಕೊಂಡು ಬರುವ ಗಂಡಸು ಎಂದು ನೆನಪಿಸಿದೆ. ಅವಳು ನಗಲಿಲ್ಲ. ನನ್ನ ಮಾತಿಗೆ ದೊಡ್ಡವ್ವ ನಗದೆ ಇದ್ದದ್ದು ಅದೇ ಮೊದಲು.

ಮಿಸ್ ಶುರುವಾಗಿದ್ದು ಕದರಮಂಡಲಗಿಗೆ ಹೋಗಿ ಬಂದ ಮೇಲೆ. ದೊಡ್ಡಪ್ಪ ಶನಿವಾರಕ್ಕೊಮ್ಮೆ ಅಲ್ಲಿಯ ಹನುಮಪ್ಪನ ಗುಡಿಗೆ ಹೋಗುತ್ತಾರೆ. ಆ ಶನಿವಾರ ಬಂದವರು ಅಪರೂಪಕ್ಕೆ ಖುಷಿಯಲ್ಲಿದ್ದರು. ರಸ್ತೆಯಲ್ಲಿ ಇವತ್ತು ಮಂದಿ ಭಾಳ ಮರ್ಯಾದೆ ಕೊಟ್ಟರು ಎಂದು ಊಟಕ್ಕೆ ಕುಳಿತಾಗ ಹೇಳಿದರು. ಮೆಣಸಿನಕಾಯಿ ಬಿಡಿಸಿ ಮನೆಗೆ ಹೊರಟ ಹೆಣ್ಣುಮಕ್ಕಳು ಟ್ರ್ಯಾಕ್ಟರಿನ ಟ್ರ್ಯಾಲಿಯಲ್ಲಿ ಎದ್ದು ನಿಂತು ಎರಡೂ ಕೈ ಎತ್ತಿದರಂತೆ. ಬೈಕಿನವನೊಬ್ಬ ಪಕ್ಕದಲ್ಲೇ ಬಹಳ ದೂರ ಬಂದನಂತೆ. ಇಂಥ ದಿನ ನೋಡಿ ಎಷ್ಟೋ ವರ್ಷವಾಗಿತ್ತು ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ರೇಡಿಯೇಟರಿನಲ್ಲಿ ನೀರಿರಲಿಲ್ಲ. ತುಂಬಿಸಿದರೆ ಸೀಳಿದ್ದ ಕೆಳಗಿನ ರಬ್ಬರ್ ಪೈಪಿನಿಂದ ನೀರು ಅಂಗಳಕ್ಕೆ ಹರಿಯಿತು. ರಾತ್ರಿ ನಿಂತಲ್ಲೇ ಸೀಳಿರಬೇಕೆಂದು ಹೊಸ ಪೈಪು ಹಾಕಿ ದೊಡ್ಡಪ್ಪ ಅದನ್ನು ಮರೆತರು. ಅವತ್ತಿನಿಂದ ಗಾಡಿಗೆ ಈ ಗುದ್ದು, ಈ ನುಂಗು.

ದುರಸ್ತಿಗೆ ದೊಡ್ಡಪ್ಪನ ಹತ್ತಿರ ಸೈನ್ಯದಿಂದ ಬಂದ ಒಂದು ಕ್ರಮವಿತ್ತು. "ಮೊದಲ ಬೆಂಕಿ, ಆಮ್ಯಾಲ ಎಣ್ಣಿ, ಆಮ್ಯಾಲ ಗಾಳಿ," ಎನ್ನುತ್ತಿದ್ದರು. ಪ್ಲಗ್ಗಿನಲ್ಲಿ ಕಿಡಿ ಸರಿಯಾಗಿದೆಯೇ, ಪೆಟ್ರೋಲು ಸರಿಯಾಗಿ ಬರುತ್ತಿದೆಯೇ, ಒಳಗೆ ಹೋಗುವ ಗಾಳಿ ಸ್ವಚ್ಛವಾಗಿದೆಯೇ. ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಆ ಕ್ರಮದಲ್ಲಿ ನೀರು ಇರಲಿಲ್ಲ.

ಬೆಂಕಿಯಿಂದ ಶುರು ಮಾಡಿದೆವು. ನಾಲ್ಕೂ ಪ್ಲಗ್ಗು ಬಿಚ್ಚಿ, ಕರಿ ಕೆರೆದು, ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗೆ ಇಟ್ಟೆವು. ದೊಡ್ಡವ್ವ ಸಂಡಿಗೆ ಒಣಗಿಸಿದ ಹಾಗೆ ನಾವು ಪ್ಲಗ್ಗು ಒಣಗಿಸುತ್ತ ಕಾಗೆ ಕಾಯುತ್ತಿದ್ದೆವು. ಕಿಡಿ ಹಂಚುವ ಡಬ್ಬಿಯ ಒಳಗಿನ ಪಾಯಿಂಟುಗಳನ್ನು ಉಜ್ಜಿದೆವು. ತಂತಿಗಳನ್ನು ಬದಲಿಸಿದೆವು. ಗಾಡಿ ಸ್ಟಾರ್ಟ್ ಮಾಡಿದರೆ ಅದೇ ಗುದ್ದು, ಅದೇ ನುಂಗು. ಎಣ್ಣೆಗೆ ಬಂದೆವು. ಕಾರ್ಬೊರೇಟರ್ ಬಿಚ್ಚಿ ಪರಾತದಲ್ಲಿ ಹರವಿ ತೊಳೆದು ಜೋಡಿಸಿದೆವು. ಗಾಳಿಗೆ ಬಂದೆವು. ಗಾಳಿ ಸೋಸುವ ಡಬ್ಬಿಯಲ್ಲಿ ಎಂಜಿನ್ ಎಣ್ಣೆಯ ಜೊತೆ ನಮ್ಮ ಮಷಿನ್ನಿನ ಖಾರವೂ ಸೇರಿ ಕೆಂಪು ಚಟ್ನಿಯಾಗಿತ್ತು. ಇದೇ ಕಾರಣ ಎಂದು ಸಂಭ್ರಮಪಟ್ಟೆವು. ತೊಳೆದು ಹೊಸ ಎಣ್ಣೆ ಹಾಕಿ ಸ್ಟಾರ್ಟ್ ಮಾಡಿದೆವು. ಖಾರ ತಿನ್ನದ ಗಾಡಿಯೂ ಖಾರ ತಿಂದ ಗಾಡಿಯ ಹಾಗೆಯೇ ಕೆಮ್ಮಿತು.

ದಿನಗಳು ಹೀಗೆ ಹೋದವು. ದೊಡ್ಡಪ್ಪ ಮತ್ತೆ ಬೆಂಕಿಗೆ ಮರಳಿದರು.

ಈಗ ಅವರು ಬೇರೊಂದು ಪರೀಕ್ಷೆ ಹಿಡಿದರು. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ಗಿನ ತಂತಿ ಕೀಳಬೇಕು. ಕಿತ್ತಾಗ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಎಂದರ್ಥ. ಕಿತ್ತರೂ ಏನೂ ಬದಲಾಗದಿದ್ದರೆ ಅದು ಮೊದಲೇ ಸತ್ತಿದೆ. ದೊಡ್ಡಪ್ಪ ಒಂದು ಕಡೆ ಬಗ್ಗಿ ತಂತಿ ಕೀಳುತ್ತಿದ್ದರು, ನಾನು ಎದುರಿಗೆ ನಿಲ್ಲುತ್ತಿದ್ದೆ. ಕಿತ್ತು ನನ್ನ ಮುಖ ನೋಡುತ್ತಿದ್ದರು. ಮಾಸ್ತರರು ಹುಡುಗನನ್ನು ಪರೀಕ್ಷಿಸಿದ ಹಾಗೆ, ಎಂದುಕೊಂಡಿದ್ದೆ. ಎಂಜಿನ್ ಬಂದ್ ಮಾಡಿದ ಮೇಲೆ, ಒಂದನೆಯದನ್ನು ಕಿತ್ತಾಗ ಹೇಗಿತ್ತು ಮಾಡಿ ತೋರಿಸು ಎನ್ನುತ್ತಿದ್ದರು. ಮಾಡುತ್ತಿದ್ದೆ. ಎರಡನೆಯದು? ಮಾಡುತ್ತಿದ್ದೆ. ನನ್ನ ಕಲೆಯನ್ನು ಇಷ್ಟು ಗಂಭೀರವಾಗಿ ಯಾರೂ ಕೇಳಿರಲಿಲ್ಲ. ಸ್ವಲ್ಪ ಬೀಗಿದ್ದೂ ಹೌದು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಷಿನ್ ನಿಂತಿತ್ತು. ಜೀಪೂ ಬಂದ್ ಆಗಿತ್ತು. ಓಣಿಯೆಲ್ಲ ಮೌನ. ಮೂರನೆಯದು ಹೇಗಿತ್ತು ಎಂದು ದೊಡ್ಡಪ್ಪ ಕೇಳಿದರು. ನನಗೆ ಚೇಷ್ಟೆ ಬಂತು. ಗಂಟಲಿನಿಂದ ಚೂರೂ ಧ್ವನಿ ತೆಗೆಯದೆ ಬರೀ ತುಟಿ, ಕೆನ್ನೆ, ಕತ್ತು ಕುಣಿಸಿ ಎಂಜಿನ್ ಮಾಡಿದೆ. ಕೇಳಿಸಲಿಲ್ಲ ಎಂದು ಬೈಯುತ್ತಾರೆ, ಆಗ ನಗೋಣ ಎಂದಿತ್ತು.

ದೊಡ್ಡಪ್ಪ ತಲೆಯಾಡಿಸಿ, "ಹಾಂ. ಮೂರನೇದ್ರಾಗೂ ಏನೂ ಫರಕ ಇಲ್ಲ ನೋಡು," ಎಂದರು.

ನಾನು ಹೆದರಿದೆ. ಹೆದರಿದಾಗ ನನ್ನ ಬಾಯಿ ಇನ್ನಷ್ಟು ಚೇಷ್ಟೆ ಮಾಡುತ್ತದೆ. ಹಾಗೆಯೇ ಸದ್ದಿಲ್ಲದೆ ತುಟಿಯಲ್ಲಿ ಕಾಗಿನೆಲೆ ಬಸ್ಸು ಓಡಿಸಿದೆ, ಗೇರು ಬದಲಿಸಿ ಏರು ಹತ್ತಿಸಿದೆ.

"ಇದು ಬಸ್ಸಲೇ," ಎಂದರು ದೊಡ್ಡಪ್ಪ. "ಜೀಪಿಂದು ಮಾಡು ಅಂದ್ರ."

ನನ್ನ ಮುಖವನ್ನು ಅಷ್ಟು ಚೆನ್ನಾಗಿ ಓದಿದವರು ಈ ಲೋಕದಲ್ಲಿ ಬೇರೆ ಯಾರೂ ಇಲ್ಲ. ನನಗೆ ಕನ್ಯೆ ನೋಡುತ್ತಿರುವವರು ಇದನ್ನು ಗಮನಿಸಬೇಕು. ದೊಡ್ಡಪ್ಪ ತಿರುಗಿ ನಟ್ಟು ಬಿಚ್ಚುವ ಪಾನಾ ಹುಡುಕುವಾಗ ನಾನು ಅವರ ಬೆನ್ನ ಹಿಂದೆ ಖಾಲಿ ಡಬ್ಬವೊಂದನ್ನು ಫರಸಿಕಲ್ಲಿನ ನೆಲದ ಮೇಲೆ ಬೀಳಿಸಿದೆ. ಮಾಳಿಗೆಯ ಮೇಲಿನ ಕಾಗೆ ಹಾರಿಹೋಯಿತು. ದೊಡ್ಡಪ್ಪ ತಿರುಗಲಿಲ್ಲ. ಅವರಿಗೆ ಸ್ವಲ್ಪ ಮಂದವಿರಲಿಲ್ಲ. ಏನೂ ಕೇಳಿಸುತ್ತಿರಲಿಲ್ಲ. ಗಾಡಿಯ ಅದುರು ಅವರ ಅಂಗೈಗೆ ತಿಳಿಯುತ್ತಿತ್ತು, ಸದ್ದಿನ ಬಗೆ ಅವರಿಗೆ ನನ್ನ ತುಟಿಯಿಂದಲೇ ತಿಳಿಯಬೇಕಾಗಿತ್ತು. ಇಷ್ಟು ದಿನ ಅವರು ಎಂಜಿನ್ನಿನ ಬದಲು ನನ್ನನ್ನು ಪರೀಕ್ಷಿಸುತ್ತಿದ್ದರು. ನನ್ನ ಪ್ಲಗ್ಗು ಸ್ವಚ್ಛ ಮಾಡುವುದೊಂದೇ ಬಾಕಿ ಇತ್ತು.

ಒಳಗೆ ಹೋಗಿ ದೊಡ್ಡವ್ವನಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ತನಗೆ ಬಹಳ ದಿನದಿಂದ ಗೊತ್ತು ಎಂದಳು. "ನಿನಗ ಗೊತ್ತಾಗೇತಿ ಅಂತ ಅವ್ರಿಗೆ ತಿಳೀಬಾರ್ದು," ಎಂದು ಮಾತ್ರ ಸೇರಿಸಿದಳು.

ಪರೀಕ್ಷೆಯಿಂದ ತಿಳಿದದ್ದು ಇಷ್ಟು. ಮೊದಲನೆಯದು, ನಾಲ್ಕನೆಯದು ಬದುಕಿವೆ. ನಡುವಿನ ಎರಡೂ ಸತ್ತಿವೆ. ಪ್ಲಗ್ಗುಗಳನ್ನು ಆಚೀಚೆ ಮಾಡಿ ಹಾಕಿದರೂ ನಡುವಿನವೇ ಸಾಯುತ್ತಿದ್ದವು. ಹಾವೇರಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ದೊಡ್ಡಪ್ಪನ ಮುಖದಲ್ಲಿ ನಾನು ಮೊದಲು ನೋಡದ ಒಂದು ದಣಿವು ಬಂತು. ಬೆಂಕಿ, ಎಣ್ಣೆ, ಗಾಳಿ ಎನ್ನುವುದನ್ನು ಬಿಟ್ಟರು. ರಾಣೆಬೆನ್ನೂರಿಗೆ ಒಯ್ಯೋಣ ಎಂದರು. ಬೇರೆಯವರ ಕೈಗೆ ಜೀಪು ಕೊಡುವುದಕ್ಕೆ ಅವರು ಒಪ್ಪಿದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಮೋಟೆಬೆನ್ನೂರಿನ ಹತ್ತಿರ ಹೈವೇ ಹತ್ತಿದೆವು. ಎರಡು ಸಿಲಿಂಡರಿನ ಮೇಲೆ ಓಡುವ ಜೀಪಿಗೆ ಹೈವೇ ಎಂದರೆ ಮದುವೆ ಮೆರವಣಿಗೆಯಲ್ಲಿ ಕುಂಟನನ್ನು ಕುಣಿಸಿದ ಹಾಗೆ. ಕಬ್ಬಿನ ಟ್ರ್ಯಾಕ್ಟರುಗಳೂ ನಮ್ಮನ್ನು ದಾಟಿ ಹೋದವು. ಅಂಥ ಅವಮಾನದಲ್ಲೂ ಲಾರಿಯ ಕ್ಲೀನರನೊಬ್ಬ ಕೈ ಎತ್ತಿದ. ದೊಡ್ಡಪ್ಪ ಕತ್ತು ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದರು. ಅವರ ಮುಖ ಒಂದು ಗಳಿಗೆ ತಿಳಿಯಾಯಿತು. ಆ ಕೈಯನ್ನು ಅವರು ಹಾಗೆ ಎತ್ತಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ರಾಣೆಬೆನ್ನೂರಿನ ಮಿಸ್ತ್ರಿ ಹಳೇ ಜೀಪುಗಳಿಗೆ ಹೆಸರಾದವನು. ಆ ಹೆಸರನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಬಾಯಲ್ಲಿ ಗುಟ್ಕಾ, ಮೇಲೆ ತುಟಿ ಮುಚ್ಚುವ ಮೀಸೆ. ಅವನ ಮಾತು ಕಿವಿ ಇದ್ದ ನನಗೇ ಅರ್ಧ ತಿಳಿಯುತ್ತಿತ್ತು. ದೊಡ್ಡಪ್ಪನಿಗೆ ಅವನ ಮುಖ ಮುಚ್ಚಿದ ಬಾಗಿಲು. ಹಾಗಾಗಿ ಅವನು ಹೇಳಿದ್ದನ್ನು ನಾನು ಅವರ ಎದುರು ನಿಂತು ತಿರುಗಿ ಹೇಳಬೇಕಾಯಿತು. ಮಿಸ್ತ್ರಿ ಗಾಡಿ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಕೇಳಿ, ಕಿಡಿಗೆ ಕರೆಂಟು ಕೊಡುವ ಕಾಯಿಲ್ ಹೋಗಿದೆ ಎಂದ. ಹೊಸ ಕಾಯಿಲ್ ಹಾಕಿದ. ಮಿಸ್ ಹೋಗಲಿಲ್ಲ. ಹಾಗಾದರೆ ಪೆಟ್ರೋಲ್ ಪಂಪು ಎಂದ. ಹೋಗಲಿಲ್ಲ. ಮೂರನೆಯ ಸಲ ಊಹೆ ಬಿಟ್ಟು ಪ್ಲಗ್ಗುಗಳನ್ನು ಬಿಚ್ಚಿ, ತೂತಿನ ಮೇಲೆ ಹೆಬ್ಬೆರಳಿಟ್ಟು ಎಂಜಿನ್ ತಿರುಗಿಸಿ ನೋಡಿದ. ಒಂದರಲ್ಲಿ, ನಾಲ್ಕರಲ್ಲಿ ಗಾಳಿ ಅವನ ಬೆರಳನ್ನು ಎತ್ತಿ ಒಗೆಯಿತು. ನಡುವಿನ ಎರಡರಲ್ಲಿ ಬೆರಳು ಸುಮ್ಮನೆ ಕೂತಿತ್ತು.

ಎಂಜಿನ್ನಿನ ತಲೆ, ಅವರು ಹೆಡ್ ಎನ್ನುವ ಮೇಲಿನ ಭಾರದ ಮುಚ್ಚಳ, ಬಿಚ್ಚಿದರು. ಅದರ ಕೆಳಗೆ ಸೋರದಂತೆ ಇಡುವ ತೆಳು ಹಾಳೆ, ಗ್ಯಾಸ್ಕೆಟ್ಟು, ನಡುವಿನ ಎರಡು ಸಿಲಿಂಡರುಗಳ ಮಧ್ಯೆ ಸುಟ್ಟು, ಹಂಚಿನ ಮೇಲೆ ಮರೆತ ರೊಟ್ಟಿಯ ಅಂಚಿನ ಹಾಗಾಗಿತ್ತು. ಒಂದರ ಉಸಿರು ಇನ್ನೊಂದಕ್ಕೆ ಸೋರಿ ಎರಡೂ ಸಾಯುತ್ತಿದ್ದವು. ಮಿಸ್ತ್ರಿ ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟ. ಪಟ್ಟಿಯ ಕೆಳಗೆ ಬೆಳಕು ಕಂಡಿತು. ಹೆಡ್ಡು ಬಾಗಿತ್ತು.

"ನೀರಿಲ್ದ ಓಡೈತಿ ಇದು," ಎಂದ.

ನಾನು ದೊಡ್ಡಪ್ಪನಿಗೆ ತಲುಪಿಸಿದೆ. ಅವರು ಸಿಟ್ಟಾದರು. ನೀರಿಲ್ಲದೆ ಗಾಡಿ ಓಡಿಸುವುದು ಸೈನ್ಯದಲ್ಲಿ ಶಿಕ್ಷೆಯ ಮಾತು, ತಮ್ಮ ಕೈಯಲ್ಲಿ ಒಂದು ದಿನವೂ ಹಾಗಾಗಿಲ್ಲ ಎಂದರು. ಪೈಪು ಸೀಳಿದ್ದು ಹೌದು, ಅದು ನಿಂತ ಗಾಡಿಯಲ್ಲಿ ಎಂದರು.

ಮಿಸ್ತ್ರಿ ಗುಟ್ಕಾ ಉಗುಳಿ ಬಂದ. "ನಿಂತ ಗಾಡ್ಯಾಗ ಹಿಂಗ ಸುಡೂದಿಲ್ಲ. ಭಾಳ ದೂರ ಓಡೈತಿ. ಹಿಂದ ನೀರು ಸೋರಿರತೈತಿ, ಕೆಳಗ ಉಗಿ ಎದ್ದಿರತೈತಿ. ಗಾಳಿಗೆ ಹಿಂದ ಹೋಗಿ ಸಾಹೇಬ್ರಿಗೆ ಕಂಡಿರಲಿಕ್ಕಿಲ್ಲ. ಆದ್ರ ರಸ್ತೇದಾಗ ಮಂದಿ ಕೂಗಿರಬೇಕಲ್ಲ?"

ಆಗ ಆ ಶನಿವಾರದ ಟ್ರ್ಯಾಲಿಯ ಹೆಣ್ಣುಮಕ್ಕಳು ನನ್ನ ಕಣ್ಣ ಮುಂದೆ ಬಂದರು. ಎದ್ದು ನಿಂತು ಎರಡೂ ಕೈ ಎತ್ತಿ ಕೂಗುತ್ತಿರುವವರು. ಬೈಕಿನ ಮೇಲೆ ಪಕ್ಕದಲ್ಲೇ ಬಂದು ಕೆಳಗೆ ಬೆರಳು ಮಾಡುತ್ತಿರುವವನು. ಅವರೆಲ್ಲರಿಗೂ ಒಬ್ಬೊಬ್ಬರಾಗಿ ಸೆಲ್ಯೂಟ್ ಹೊಡೆಯುತ್ತ, ಕೆಳಗೆ ನೀರು ಸುರಿಸುತ್ತ ಊರಿಗೆ ಬರುತ್ತಿರುವ ದೊಡ್ಡಪ್ಪ.

ದೊಡ್ಡಪ್ಪ ನನ್ನ ತುಟಿಗೆ ಕಾಯುತ್ತಿದ್ದರು. ಏನಂತಾನ, ಎಂದರು.

"ಗ್ಯಾಸ್ಕೆಟ್ ಹಳೇದಾಗಿತ್ತಂತ್ರಿ ದೊಡ್ಡಪ್ಪಾ," ಎಂದೆ. ನನ್ನ ಜೀವನದಲ್ಲಿ ಒಬ್ಬರ ಮಾತನ್ನು ತಪ್ಪಾಗಿ ನಕಲು ಮಾಡಿದ್ದು ಅದೊಂದೇ ಸಲ.

ಆದರೆ ಮಿಸ್ತ್ರಿಗೆ ಕಿವಿ ಇತ್ತು. ಇವನು ಹುಡುಗಾಟಕ್ಕೆ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡು, ಪಾಪ, ಒಳ್ಳೆಯ ಮನಸ್ಸಿನಿಂದ ನನ್ನನ್ನು ಬದಿಗೆ ಸರಿಸಿದ. ದೊಡ್ಡಪ್ಪನ ಎದುರು ನಿಂತು ಕೈಸನ್ನೆಯಲ್ಲಿ ಶುರು ಮಾಡಿದ. ಸ್ಟೇರಿಂಗು ಹಿಡಿದು ಓಡಿಸಿದ. ಬೆರಳುಗಳಿಂದ ಕೆಳಗೆ ನೀರು ಸುರಿಸಿದ. ಉಗಿ ಎಬ್ಬಿಸಿದ. ಆಮೇಲೆ ರಸ್ತೆಯ ಬದಿಗೆ ಸರಿದು, ಎರಡೂ ಕೈ ಮೇಲೆತ್ತಿ, ಬಾಯಿ ದೊಡ್ಡದು ಮಾಡಿ, ಓಡುವ ಗಾಡಿಗೆ ಕೂಗಿ ಹೇಳುವ ಮಂದಿಯಾದ. ಅಭಿನಯ ಬಹಳ ಕೆಟ್ಟದಾಗಿತ್ತು. ಆದರೂ ಯಾರಿಗೂ ತಪ್ಪದೆ ತಿಳಿಯುವಂತಿತ್ತು.

ದೊಡ್ಡಪ್ಪ ನೋಡುತ್ತ ನಿಂತರು. ಅವರಿಗೆ ತಿಳಿಯುತ್ತ ಹೋದದ್ದು ನನಗೆ ಕಂಡಿತು. ತಿಳಿದದ್ದು ಆ ಒಂದು ಶನಿವಾರಕ್ಕೆ ನಿಲ್ಲಲಿಲ್ಲ, ಹಿಂದಿನ ಶನಿವಾರಗಳಿಗೂ, ಹಿಂದಿನ ವರ್ಷಗಳಿಗೂ ಹೋಯಿತು. ಆಮೇಲೆ ನನ್ನ ಕಡೆ ತಿರುಗಿದರು.

"ಟ್ರ್ಯಾಲಿಯೊಳಗಿನ ಹೆಣ್ಮಕ್ಳು. ಅವ್ರೂ ಇದನ್ನ ಹೇಳಾಕತ್ತಿದ್ರೇನು?"

 ನನ್ನ ಮುಖ ಅವರಿಗೆ ಓದಲು ಬರುತ್ತಿತ್ತು.

"ನಾ ಎಲ್ಲಾರಿಗೂ ಸೆಲ್ಯೂಟ್ ಹೊಡದೆ," ಎಂದರು. ಮಿಸ್ತ್ರಿ ನಕ್ಕ. ತಮಾಷೆ ಎಂದುಕೊಂಡಿರಬೇಕು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ, ಅಷ್ಟೇ ಅಲ್ಲ, ಸಂಜೆ ಕಟ್ಟೆಯಲ್ಲಿ ಅದನ್ನು ಮಾಡಿಯೂ ತೋರಿಸುತ್ತಿದ್ದೆ.

ಹೆಡ್ಡನ್ನು ಲೇಥಿನವನ ಹತ್ತಿರ ಕಳಿಸಿ ಮಟ್ಟ ಮಾಡಿಸಿದರು. ಹೊಸ ಗ್ಯಾಸ್ಕೆಟ್ಟು ಕೂಡಿಸಿದರು. ಮಿಸ್ತ್ರಿ ಸ್ಟಾರ್ಟ್ ಮಾಡಿದ. ಗುದ್ದಿಲ್ಲ, ನುಂಗಿಲ್ಲ, ಕೆಮ್ಮಿಲ್ಲ. ನಾಲ್ಕೂ ಸಿಲಿಂಡರು ಒಂದೇ ಉಸಿರಿನಲ್ಲಿ ಓಡಿದವು. ನಾವು ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ದೊಡ್ಡಪ್ಪ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡರು. ಹೇಗಿದೆ ಎಂದು ನನ್ನನ್ನು ಕೇಳಲಿಲ್ಲ.

ಹಾವೇರಿಗೆ ಹೊರಟದ್ದು ರಾಣೆಬೆನ್ನೂರಿನಿಂದ ನೇರವಾಗಿ, ಇನ್ಸ್‌ಪೆಕ್ಟರಿಗೆ ಗಾಡಿ ತೋರಿಸಬೇಕಾಗಿದ್ದ ದಿನವೇ. ಗಾಡಿ ಚಂದ ಓಡುತ್ತಿತ್ತು. ಟೆಂಪೋದಲ್ಲಿ ಹೊರಟಿದ್ದ ಹುಡುಗರು ನಮ್ಮನ್ನು ಕಂಡು ಕೈ ಎತ್ತಿದರು. ದೊಡ್ಡಪ್ಪ ಬ್ರೇಕ್ ಹಾಕಿದರು. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ಇಳಿದು, ಬಾನೆಟ್ ತೆಗೆದರು. ಪೈಪು ಮುಟ್ಟಿ ನೋಡಿದರು. ಬಗ್ಗಿ ಕೆಳಗೆ ನೋಡಿದರು. ಏನೂ ಇರಲಿಲ್ಲ. ಮತ್ತೆ ಹೊರಟೆವು. ಮೋಟೆಬೆನ್ನೂರು ದಾಟಿದ ಮೇಲೆ ಕಲ್ಲಂಗಡಿ ಮಾರುವವನು ಎದ್ದು ನಿಂತು ಸೆಲ್ಯೂಟ್ ಹೊಡೆದ. ಮತ್ತೆ ನಿಲ್ಲಿಸಿದರು, ಬಾನೆಟ್ ತೆಗೆದರು. ಅವನು ಪ್ರೀತಿಯಿಂದ ಒಂದು ಹೋಳು ಹಿಡಿದು ಬಂದ. ದೊಡ್ಡಪ್ಪ ಅವನ ಕೈಯ ಹಣ್ಣು ನೋಡಲಿಲ್ಲ. ಅವನ ಬಾಯನ್ನೇ ನೋಡುತ್ತ, ಎಲ್ಲಿ ಸೋರುತ್ತಿದೆ ಎಂದು ಕೇಳಿದರು.

ಸೆಲ್ಯೂಟ್ ರೀ ಅದು, ಏನೂ ಆಗಿಲ್ಲ, ಎಂದು ಪ್ರತಿ ಸಲ ಹೇಳುತ್ತಿದ್ದೆ. ಪ್ರತಿ ಸಲ ಹೂಂ ಎನ್ನುತ್ತಿದ್ದರು. ಪ್ರತಿ ಸಲ ಇಳಿಯುತ್ತಿದ್ದರು. ಹಾವೇರಿ ಪೇಟೆಯಲ್ಲಿ ಯಾರೋ ಮುದುಕರು ಅಂಗಡಿಯ ಕಟ್ಟೆಯಿಂದ ಕೈ ಎತ್ತಿದಾಗ ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟರು. ಹಿಂದೆ ಬಸ್ಸು, ಆಟೋ, ಲಾರಿಗಳ ಹಾರನ್ನು. ದೊಡ್ಡಪ್ಪ ಆ ಗದ್ದಲದ ನಡುವೆ ಯಾವ ಗದ್ದಲವೂ ಇಲ್ಲದವರ ಹಾಗೆ ಬಗ್ಗಿ ರೇಡಿಯೇಟರಿನ ನೀರು ನೋಡುತ್ತಿದ್ದರು. ನಾನು ಇಳಿದು ಹೋಗಿ ಡ್ರೈವರುಗಳಿಗೆ ಕೈಮುಗಿದೆ. ಬಸ್ಸಿನವನು ನನಗೂ ಕಿವಿ ಕೇಳುವುದಿಲ್ಲವೇ ಎಂದು ಕೇಳಿದ. ಅವನಿಗೆ ಇನ್ನೊಮ್ಮೆ ಕೈಮುಗಿದೆ. ಬಾಯಿ ಕೊಟ್ಟು ಬದುಕುವವನು ನಾನು.

ಕಚೇರಿಯಲ್ಲಿ ಎಲ್ಲ ಸರಳವಾಗಿ ನಡೆಯಿತು. ಇನ್ಸ್‌ಪೆಕ್ಟರು ನನ್ನ ವಯಸ್ಸಿನವರು. ನಂ‌ಬರು ನೋಡಿದರು, ದೀಪ ನೋಡಿದರು, ಬ್ರೇಕು ನೋಡಿದರು, ಓಡಿಸಿ ತೋರಿಸಲು ಹೇಳಿದರು. ಹೇಳಿದ್ದನ್ನು ನಾನು ದೊಡ್ಡಪ್ಪನಿಗೆ ತಲುಪಿಸಿದೆ. ಅವರು ಮೈದಾನದಲ್ಲಿ ಒಂದು ಸುತ್ತು ಹಾಕಿ ಬಂದು, ಗೆರೆ ಎಳೆದ ಹಾಗೆ ನಿಲ್ಲಿಸಿದರು. ಎಂಜಿನ್ ಹಾಡಿಕೊಳ್ಳುವ ಹಾಗೆ ಓಡುತ್ತಿತ್ತು. ಗಾಡಿಯನ್ನು ಇಷ್ಟು ಚೆನ್ನಾಗಿ ಇಟ್ಟಿದ್ದಾರೆ, ಇಂಥವರಿಗೆ ಪಾಸು ಮಾಡದೆ ಯಾರಿಗೆ ಮಾಡುವುದು, ಎಂದರು ಇನ್ಸ್‌ಪೆಕ್ಟರು. ಆಮೇಲೆ ಹಿಮ್ಮಡಿ ಕೂಡಿಸಿ ನಿಂತು, ಖರೇ ಗೌರವದಿಂದ, ಒಂದು ಸೆಲ್ಯೂಟ್ ಹೊಡೆದರು.

ದೊಡ್ಡಪ್ಪ ತಟ್ಟನೆ ಎಂಜಿನ್ ಬಂದ್ ಮಾಡಿ, ಇಳಿದು, ಬಾನೆಟ್ ತೆಗೆದರು.

ಅಜ್ಜಾರು ಎಂಜಿನ್ ತೋರಿಸಬೇಕು ಅಂತಾರ ನೋಡ್ರಿ, ಎಂದು ಇನ್ಸ್‌ಪೆಕ್ಟರು ನಕ್ಕು, ಬಗ್ಗಿ, ಬಹಳ ಆಸಕ್ತಿಯಿಂದ ಒಳಗೆ ನೋಡಿದರು.

ಮರಳಿ ಹೊರಡುವಾಗ ದೊಡ್ಡಪ್ಪ ಕೀಲಿಯನ್ನು ನನ್ನ ಕೈಗಿಟ್ಟು ಎಡಗಡೆ ಹತ್ತಿ ಕುಳಿತರು. ಆ ಜೀಪಿನಲ್ಲಿ ಅವರು ಎಡಗಡೆ ಕುಳಿತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಬ್ಯಾಡಗಿ ಹತ್ತಿರ ಬಂದಂತೆ ಪರಿಚಯದವರು ಹೆಚ್ಚಾದರು, ಕೈಗಳೂ ಹೆಚ್ಚಾದವು. ಒಂದೊಂದು ಕೈ ಎದ್ದಾಗಲೂ ದೊಡ್ಡಪ್ಪ ನನ್ನ ತೋಳು ಮುಟ್ಟಿ, ಅವನೇನಂದ ಎಂದು ಕೇಳುತ್ತಿದ್ದರು. ನಮಸ್ಕಾರ ಅಂದ್ರಿ, ಎನ್ನುತ್ತಿದ್ದೆ. ಅವನು? ಆರಾಮ ಏನ್ರಿ ಅಂದ. ಅವಳು? ಅವಳೂ ನಮಸ್ಕಾರ ಅಂದಳು. ಅವರ ಧ್ವನಿ ಮಾಡಲಿಲ್ಲ, ಮುಖ ಮಾಡಲಿಲ್ಲ, ಸಪ್ಪಗೆ ಹೇಳಿದೆ. ಸಪ್ಪಗೆ ಹೇಳಿದರೆ ನಂಬುತ್ತಾರೆ ಎಂದು.

ಎಪಿಎಂಸಿ ಗೇಟಿನ ಹತ್ತಿರ ಗಾಡಿ ನಿಧಾನ ಮಾಡಿದಾಗ ಅವರು ನನ್ನ ಕಡೆ ನೋಡಿದರು.

"ನೀ ಎಲ್ಲಾರ ಬಾಯೀನೂ ಮಾಡಾಂವ," ಎಂದರು. "ನಿನ್ನ ಬಾಯಾಗ ಬಂದದ್ದು ಅವ್ರ ಮಾತೋ, ನಿನ್ನ ಮಾತೋ, ನನಗ ಹೆಂಗ ಗೊತ್ತಾಗಬೇಕು?"

ಸಿಟ್ಟಿನಿಂದ ಹೇಳಲಿಲ್ಲ. ನಿಜಕ್ಕೂ ತಿಳಿಯಲೆಂದೇ ಕೇಳಿದರು, ಉತ್ತರ ಇದ್ದರೆ ಹೇಳಲಿ ಎಂಬಂತೆ. ಆ ದಾರಿಯಲ್ಲಿ ಅವರಿಗೆ ನಾನು ಹೇಳಿದ್ದೆಲ್ಲ ಖರೇ ಇತ್ತು. ಒಂದು ಅಕ್ಷರವೂ ನನ್ನದಾಗಿರಲಿಲ್ಲ. ಆದರೆ ಅದನ್ನು ಹೇಳುವುದಕ್ಕೂ ನನ್ನ ಹತ್ತಿರ ಇದ್ದದ್ದು ಇದೊಂದೇ ಬಾಯಿ.

ಜೀಪು ಈಗ ಮಷಿನ್ನಿನ ಹಿಂದೆ ತಾಡಪತ್ರಿಯ ಕೆಳಗೆ ನಿಂತಿದೆ. ಕಾಗದ ಸರಿಯಾಗಿದೆ, ಎಂಜಿನ್ ಸರಿಯಾಗಿದೆ. ಬ್ಯಾಟರಿ ಸಾಯಬಾರದೆಂದು ನಾನು ಆಗಾಗ ಹೊರಗೆ ಒಯ್ದು ತರುತ್ತೇನೆ. ಸಾಹೇಬರು ಎಲ್ಲಿ ಎಂದು ಮಂದಿ ಕೇಳುತ್ತಾರೆ. ದೊಡ್ಡಪ್ಪ ಕೀಲಿ ಕೇಳುವುದಿಲ್ಲ. ಶನಿವಾರದ ಗುಡಿಯನ್ನೂ ಬಿಟ್ಟಿದ್ದಾರೆ. ದೊಡ್ಡವ್ವ ಓಡಿಸು ಎಂದಿದ್ದಳು, ಓಡಿಸಿದ್ದೇನೆ.

ಹೋದ ಶನಿವಾರ ನಾನು ಬಹಳ ಕಾಡಿದ ಮೇಲೆ ದೊಡ್ಡಪ್ಪ ಅಂಗಿ ಹಾಕಿಕೊಂಡು ಬಾಗಿಲ ತನಕ ಬಂದರು. ನಾನು ಗಾಡಿಯನ್ನು ಓಣಿಗೆ ತೆಗೆದಿದ್ದೆ. ಎದುರು ಮನೆಯವರು ಅಷ್ಟು ದಿನಕ್ಕೆ ಅವರನ್ನು ಕಂಡು ಖುಷಿಯಾಗಿ ಕೈ ಎತ್ತಿದರು. ದೊಡ್ಡಪ್ಪ ಆ ಕೈಯನ್ನು ನೋಡಿದರು. ಆಮೇಲೆ ಕತ್ತು ಬಗ್ಗಿಸಿ, ತಾವು ನಿಂತಿದ್ದ ಹೊಸ್ತಿಲಿನ ಮೇಲೆ, ತಮ್ಮ ಕಾಲುಗಳ ಸುತ್ತ, ಒಣಗಿದ ನೆಲವನ್ನು ಬಹಳ ಹೊತ್ತು ನೋಡಿದರು. ನೋಡಿ ಒಳಗೆ ಹೋದರು.